ಹತ್ತನೆಯ ಬಾಟಲಿ

ದೊಡ್ಡ ಸೊಸೆ ತರಕಾರಿ ಚೀಲ ಹಿಡಿದು ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟಾಗ ಒಲೆಯ ಮೇಲಿನ ಹಲಗೆ ಬೋಳಾಗಿತ್ತು. ಇಪ್ಪತ್ತಾರು ವರ್ಷದಿಂದ ಆ ಹಲಗೆಯ ಮೇಲೆ ಸಾಲಾಗಿ ಕೂತಿದ್ದ ಮಸಾಲೆ ಸಾಮಾನಿನ ಹನ್ನೆರಡು ಸ್ಟೀಲ್ ಡಬ್ಬಿಗಳು ಮೂಲೆಯ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಅರ್ಧರ್ಧ ಸಾಮಾನು ತುಂಬಿದ ಹನ್ನೆರಡು ಗಾಜಿನ ಬಾಟಲಿಗಳು. ಒಂದೊಂದರ ಹೊಟ್ಟೆಗೂ ಬಿಳಿ ಚೀಟಿ, ಚೀಟಿಯ ಮೇಲೆ ಹೆಸರು, ಹೆಸರಿನ ಕೆಳಗೆ ತಾರೀಖು. ಕೊನೆಯ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತ ಚಿಕ್ಕ ಸೊಸೆ ನಿಂತಿದ್ದಳು.

"ಯಾರನ್ನ ಕೇಳಿ ಮುಟ್ಟಿದೆ?"

"ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ."

"ಇದೇನು ನಿನ್ನ ಔಷಧಿ ಉಗ್ರಾಣ ಅಂದ್ಕೊಂಡ್ಯಾ?"

"ಉಗ್ರಾಣದಲ್ಲಿ ಹೀಗೆ ಇಟ್ಟಿದ್ರೆ ನನ್ನನ್ನ ಅವತ್ತೇ ಮನೆಗೆ ಕಳಿಸ್ತಿದ್ರು ಅಕ್ಕ. ನೋಡಿ ಇಲ್ಲಿ." ಚಿಕ್ಕವಳು ಒಂದು ಡಬ್ಬಿಯ ತಳಕ್ಕೆ ಚಮಚ ಹಾಕಿ ಕೆದಕಿದಳು. ಮೇಲೆ ಹಸಿರು ಮಿಶ್ರಿತ ಕಂದು ಪುಡಿ, ತಳದಲ್ಲಿ ಬೂದಿ ಬಣ್ಣದ ಗಟ್ಟಿ. "ಹಳೇದು ಮುಗಿಯೋ ಮುಂಚೆ ಅದರ ತಲೆ ಮೇಲೆ ಹೊಸದು ಸುರಿಯೋದು. ಅದು ಮುಗಿಯೋ ಮುಂಚೆ ಇನ್ನೊಂದು. ತಳದಲ್ಲಿರೋದು ನಿಮ್ಮ ಮದುವೆಗೆ ತಂದದ್ದಾ? ಅದೂ ಸಾಲದು ಅಂತ ನೇರ ಒಲೆ ಮೇಲೆ. ದಿನಕ್ಕೆ ಮೂರು ಹೊತ್ತು ಹಬೆ ಸ್ನಾನ. ಇದು ಹಲಗೆ ಅಲ್ಲ, ಮ್ಯೂಸಿಯಂ."

ದೊಡ್ಡವಳು ಚೀಲವನ್ನು ನೆಲಕ್ಕೆ ಕುಕ್ಕಿದಳು. ಒಂದು ಗೆಡ್ಡೆ ಉರುಳಿ ಮೇಜಿನ ಕಾಲಿಗೆ ಬಡಿದು ನಿಂತಿತು. "ಬಂದು ನಾಲ್ಕು ತಿಂಗಳಾಗಿಲ್ಲ, ನನ್ನ ಒಲೆ ಮೇಲೆ ಕಣ್ಣು ಬಿತ್ತಾ?"

"ಮೂಸಿ ನೋಡಿ." ಚಿಕ್ಕವಳು ಡಬ್ಬಿಯನ್ನು ಅವಳ ಮುಖಕ್ಕೆ ಹಿಡಿದಳು. "ಏನಾದ್ರೂ ಬರುತ್ತಾ?"

ದೊಡ್ಡ ಸೊಸೆ ಮೂಸಿದಳು. ಮೂಸಿ, ಒಂದು ಕ್ಷಣವೂ ತಡಮಾಡದೆ, "ಘಮ್ ಅಂತಿದೆ" ಎಂದಳು.

"ಘಮ್ಮಾ? ಗೋಡೆ ಮೂಸಿದ ಹಾಗಿದೆ!"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ದೊಡ್ಡ ಸೊಸೆಗೆ ಆ ಡಬ್ಬಿಯೂ ಒಂದೇ, ಗೋಡೆಯೂ ಒಂದೇ. ಎಂಟು ತಿಂಗಳ ಹಿಂದೆ ಒಂಬತ್ತು ದಿನ ಮಲಗಿಸಿದ್ದ ಜ್ವರ ಬಿಟ್ಟು ಹೋಗುವಾಗ ಅವಳ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಎತ್ತಿಕೊಂಡು ಹೋಗಿತ್ತು. ಎದ್ದ ದಿನ ಒಲೆಯ ಮೇಲೆ ಹಾಲು ಇಟ್ಟು ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಹಾಲು ತಳ ಹಿಡಿದು, ಸೀದು, ಪಾತ್ರೆ ಕಪ್ಪಾಗಿ, ಬಸ್ ಓಡಿಸುವ ಗಂಡ ಹೊರಬಾಗಿಲಿನಿಂದ ಓಡಿಬಂದು ಒಲೆ ಆರಿಸುವವರೆಗೂ ಅವಳಿಗೆ ಗೊತ್ತಾಗಿರಲಿಲ್ಲ. "ಏನೋ ಯೋಚನೆಯಲ್ಲಿದ್ದೆ" ಅಂದಿದ್ದಳು. ಅವನು ಹೌದಾ ಅಂದು ಸುಮ್ಮನಾಗಿದ್ದ.

ಅಂದಿನಿಂದ ನೆನಪಿನ ಮೇಲೆ, ಕೈಯಳತೆಯ ಮೇಲೆ ಅಡುಗೆ. ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತಿತ್ತು. ಮಿಕ್ಕದ್ದಕ್ಕೆ ಚಮಚದ ಲೆಕ್ಕ. ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು: ಅಯ್ಯೋ ಅನ್ನುತ್ತಾರೆ, ಸಾಕು ನೀನು ಕೂತ್ಕೋ ಅನ್ನುತ್ತಾರೆ, ಸೌಟು ಇನ್ನೊಬ್ಬರ ಕೈ ಸೇರುತ್ತದೆ. ಇಪ್ಪತ್ತಾರು ವರ್ಷ ಸೊಸೆ ಅನ್ನಿಸಿಕೊಂಡೇ ತಲೆ ನರೆತಿತ್ತು. ಮನೆಯ ಹತ್ತಿರದ ಶಾಲೆ ಎಷ್ಟನೆಯದಕ್ಕೆ ಮುಗಿಯಿತೋ ಅಷ್ಟೇ ಓದು. ಅವಳ ಮಾತಿಗೆ ಯಾರೂ ಎದುರಾಡದ ಜಾಗ ಈ ಪ್ರಪಂಚದಲ್ಲಿ ಒಂದೇ ಇತ್ತು, ಅದು ಹತ್ತಡಿ ಉದ್ದ, ಎಂಟಡಿ ಅಗಲ. ಅದನ್ನೂ ಬಿಟ್ಟುಕೊಟ್ಟು ಹೊರಕೋಣೆಯಲ್ಲಿ ಮಾವನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದೇ?

ಡಬ್ಬಿಗೆ ಸುರಿದದ್ದು ಸತ್ತಿದೆಯೋ ಬದುಕಿದೆಯೋ ಮೊದಲಾದರೆ ಮೂಗು ಹೇಳುತ್ತಿತ್ತು, ಹಳೆಯದನ್ನು ಎಸೆಯುತ್ತಿದ್ದಳು. ಈಗ ಹೇಳುವವರಿಲ್ಲ, ಹಾಗಾಗಿ ಸುರಿಯುತ್ತಲೇ ಇದ್ದಳು.

"ನಿಂಗೆ ಹೊಟ್ಟೆಕಿಚ್ಚು. ಮೊದಲ ವಾರ ಅನ್ನಾನ ಗೋಡೆಗೆ ಮೆತ್ತೋ ಗಾರೆ ಹಾಗೆ ಮಾಡಿದ್ಯಲ್ಲ, ಆವತ್ತಿಂದ" ಎಂದಳು ದೊಡ್ಡವಳು.

"ಅದನ್ನ ಇನ್ನೂ ಎಷ್ಟು ದಿನ ಬಡಿಸ್ತೀರಿ? ಆರಿ ಹೋಯ್ತು."

ಗಲಾಟೆ ಕೇಳಿ ಮಾವ ಬಾಗಿಲಿಗೆ ಬಂದರು. ಐವತ್ತು ವರ್ಷ ಬಟ್ಟೆ ಹೊಲಿದ ಮನುಷ್ಯ. ಕೆಲಸ ಬಿಟ್ಟರೂ ಅಳತೆ ಟೇಪು ಕುತ್ತಿಗೆಯಿಂದ ಇಳಿದಿರಲಿಲ್ಲ. "ಏನ್ರಮ್ಮಾ ಅದು, ಬೀದಿಯವರಿಗೆಲ್ಲ ಕೇಳಿಸ್ತಿದೆ."

"ಕೇಳಿಸ್ಲಿ" ಎಂದಳು ಚಿಕ್ಕವಳು. "ಮಾವ, ನೀವೇ ಹೇಳಿ. ಯಾರು ಮನೆಗೆ ಬಂದ್ರೂ ಅಕ್ಕ ಕಣ್ಣು ಮುಚ್ಕೊಂಡು ಮೂಸಿ, ಇದು ಇಂಥದ್ದು, ಇಂಥ ಅಂಗಡೀದು ಅಂತ ಹೇಳ್ತಿದ್ರಲ್ಲ? ನನ್ನ ಮದುವೆ ಆದಾಗಿಂದ ಆ ಆಟದ ಕಥೆ ಕೇಳಿ ಕೇಳಿ ಸಾಕಾಗಿದೆ. ಈಗ ಆಡ್ಲಿ. ಹನ್ನೆರಡು ಬಾಟ್ಲಿ. ಹತ್ತು ಸರಿ ಹೇಳಿದ್ರೆ ಈ ಬಾಟ್ಲಿ, ಚೀಟಿ ಎಲ್ಲ ನಾನೇ ಕಿತ್ತು ಬಿಸಾಕ್ತೀನಿ, ಡಬ್ಬಿ ತೊಳೆದು ಹಲಗೆ ಮೇಲೆ ಜೋಡಿಸ್ತೀನಿ. ಹೇಳದೇ ಹೋದ್ರೆ ಅಡುಗೆಮನೆ ಸಾಮಾನು ನಾನು ಹೇಳಿದ ಕಡೆ."

ಮಾವ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬೇಡಮ್ಮ, ಈ ಪಂದ್ಯ ಗಿಂದ್ಯ..."

"ಯಾಕೆ ಬೇಡ?" ದೊಡ್ಡವಳ ಬಾಯಿ ಅವಳ ಬುದ್ಧಿಗಿಂತ ಮುಂದೆ ಓಡಿತು. "ಭಾನುವಾರ ಎಲ್ಲರೂ ಮನೇಲಿರ್ತಾರೆ. ಎಲ್ಲರ ಮುಂದೇನೇ ಆಗ್ಲಿ."

ಬೇರೆಯವರು ಹಾಕಿದ ಸವಾಲಾಗಿದ್ದರೆ ಜಾರಿಕೊಳ್ಳಬಹುದಿತ್ತು. ಇದು ತಾನೇ ವರ್ಷಗಟ್ಟಲೆ ಜಂಬದಿಂದ ತೋರಿಸಿದ ಆಟ. ಅದರಿಂದ ಹಿಂದೆ ಸರಿದರೆ ಕಾರಣ ಕೇಳುತ್ತಾರೆ.

ಭಾನುವಾರಕ್ಕೆ ನಾಲ್ಕು ದಿನವಿತ್ತು. ಚಿಕ್ಕವಳು ಬೆಳಿಗ್ಗೆ ಎಂಟಕ್ಕೆ ಉಗ್ರಾಣಕ್ಕೆ ಹೋದರೆ ಸಂಜೆಯೇ ಬರುವುದು. ಗಂಡಸರೂ ಕೆಲಸಕ್ಕೆ ಹೋಗಿ, ಮಾವ ಹೊರಕೋಣೆ ಸೇರಿದ ಕೂಡಲೇ ದೊಡ್ಡ ಸೊಸೆ ಕೈ ಒರೆಸುವ ಬಟ್ಟೆಯನ್ನು ಕಣ್ಣಿಗೆ ಕಟ್ಟಿಕೊಂಡು ಬಾಟಲಿಗಳ ಮುಂದೆ ಕೂತಳು. ಮೂಗಿಲ್ಲದಿದ್ದರೆ ಏನು, ಕಿವಿ ಇದೆಯಲ್ಲ. ಬಾಟಲಿ ಎತ್ತಿ ಮುಖದ ಹತ್ತಿರ ತರುವಾಗ ಒಳಗಿನ ಸಾಮಾನು ಅಲುಗದೆ ಇರುತ್ತದೆಯೇ? ಸಾಸಿವೆ ಮರಳಿನ ಹಾಗೆ ಸರ್ರನೆ ಸರಿಯುತ್ತಿತ್ತು. ಕಾಳುಮೆಣಸು ಗೋಲಿ ಉರುಳಿದ ಹಾಗೆ. ಮೆಂತ್ಯದ್ದು ಒರಟು, ಜಲ್ಲಿಕಲ್ಲಿನ ಸದ್ದು. ಜೀರಿಗೆ ಒಣಹುಲ್ಲು ತುಳಿದಂತೆ. ಏಲಕ್ಕಿ ಟೊಳ್ಳು, ಲವಂಗ ಸಣ್ಣ ಮೊಳೆಗಳ ಪೊಟ್ಟಣ, ಚಕ್ಕೆ ಗಾಜಿಗೆ ಬಡಿದು ಟಕ್ ಅನ್ನುತ್ತಿತ್ತು. ಏಳು ಕೈಗೆ ಬಂದವು. ಮೆಣಸಿನ ಪುಡಿ ವಾಸನೆ ಕೊಡದಿದ್ದರೂ ಮೂಗಿನೊಳಗೆ ಚುರ್ರೆಂದು ಚುಚ್ಚುತ್ತಿತ್ತು. ಒಣಶುಂಠಿ ಪುಡಿ ಸೀನು ಬಂದು ನಿಂತ ಹಾಗೆ ಕೆರೆಯುತ್ತಿತ್ತು. ಒಂಬತ್ತು.

ಉಳಿದ ಮೂರು ಮೂಕಪುಡಿಗಳು. ಅರಿಶಿನ, ಕೊತ್ತಂಬರಿ, ಜೀರಿಗೆ ಪುಡಿ. ಸದ್ದಿಲ್ಲ, ಚುಚ್ಚುವುದಿಲ್ಲ. ಎಷ್ಟು ಸಲ ಬದಲಾಯಿಸಿ ಬದಲಾಯಿಸಿ ಹಿಡಿದರೂ ಒಂದೇ. ಹತ್ತನೆಯದು ಅದೃಷ್ಟ. ಒಂದು ಸಲ ಬಾಗಿಲ ಸದ್ದಾಗಿ ಗಾಬರಿಯಿಂದ ಬಟ್ಟೆ ಎಳೆದುಕೊಂಡಳು. ಮಾವ ನೀರು ಕುಡಿಯಲು ಬಂದವರು, ಅವಳನ್ನು ನೋಡಿದರೋ ಇಲ್ಲವೋ, ಲೋಟ ಹಿಡಿದು ಹಾಗೇ ಹಿಂದಕ್ಕೆ ಹೋದರು.

ಆ ನಾಲ್ಕು ದಿನ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಗಡಿ ಹಾಕಿಕೊಂಡ ಹಾಗೆ ಓಡಾಡಿದರು. ಚಿಕ್ಕವಳು ಒಂದು ಬಾಟಲಿಯನ್ನು ಎಡಕ್ಕೆ ಸರಿಸಿದರೆ ದೊಡ್ಡವಳು ಅದನ್ನು ಬಲಕ್ಕೆ ಸರಿಸುವಳು.

"ಇನ್ನೆರಡು ದಿನ ಸರಿಸಿಕೊಳ್ಳಿ ಅಕ್ಕ."

"ಇನ್ನೆರಡು ದಿನ ಚೀಟಿ ಅಂಟಿಸ್ಕೋ ಉಗ್ರಾಣದಮ್ಮಾ. ನಿನ್ನ ಹಣೆಗೂ ಒಂದು ಅಂಟಿಸ್ಕೋ, ತಾರೀಖು ಮುಗಿದದ್ದು ಗೊತ್ತಾಗ್ಲಿ."

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಎಲ್ಲರೂ ಹೊರಕೋಣೆಯಲ್ಲಿ ಊಟದ ಮೇಜಿನ ಸುತ್ತ ಸೇರಿದರು. ಒಂದು ಕಡೆ ಮಾವ, ಅವರ ಎದುರಿಗೆ ಬಸ್ ಓಡಿಸುವ ಗಂಡ. ಗಡಿಯಾರ ರಿಪೇರಿ ಮಾಡುವ ಮೈದುನ, ಅಂದರೆ ಚಿಕ್ಕವಳ ಗಂಡ, ಮೂಲೆಯಲ್ಲಿ, ಯಾವಾಗಲೂ ಇರುವ ಹಾಗೆ ಇದ್ದೂ ಇಲ್ಲದವನಂತೆ. ಚಿಕ್ಕವಳು ತಾನೇ ದೊಡ್ಡವಳ ಕಣ್ಣಿಗೆ ಬಟ್ಟೆ ಕಟ್ಟಿದಳು. ಗಂಟು ಬಿಗಿಯುವಾಗ ಎರಡು ಕೂದಲೂ ಅದರಲ್ಲಿ ಸೇರಿದವು.

"ಕೂದಲು ಕೀಳೋದೂ ಪಂದ್ಯದಲ್ಲಿ ಸೇರಿದ್ಯಾ?"

"ಇರೋದೇ ನಾಲ್ಕು, ಕಿತ್ರೆ ನಂಗೇನು ಸಿಗುತ್ತೆ? ಕೈ ತೊಡೆ ಮೇಲಿರ್ಲಿ. ಬಾಟ್ಲಿ ಮುಟ್ಟೋ ಹಾಗಿಲ್ಲ. ನಾನು ಹಿಡೀತೀನಿ, ನೀವು ಮೂಸಿ."

ಮೊದಲನೆಯದು ಬಂತು. ಗೋಲಿಗಳು ಉರುಳಿದವು. "ಕಾಳುಮೆಣಸು."

"ಸರಿ" ಎಂದರು ಮಾವ.

ಎರಡನೆಯದು ಮರಳು. "ಸಾಸಿವೆ." ಮೂರನೆಯದು ಮೊಳೆಯ ಪೊಟ್ಟಣ. "ಲವಂಗ. ಇದು ಮೂಲೆ ಅಂಗಡೀದಲ್ಲ, ದೊಡ್ಡ ಮಾರುಕಟ್ಟೇದು" ಎಂದು ಸೇರಿಸಿದಳು. ಹಳೆಯ ಜಂಬ ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು. ಗಂಡ ಸಣ್ಣಗೆ ಕೆಮ್ಮಿದ. ಚಿಕ್ಕವಳ ಹಿಮ್ಮಡಿಯ ಸದ್ದು ಅಡುಗೆಮನೆಗೆ ಹೋಗಿ ಬಂತು. ಆಮೇಲೆ ನಾಲ್ಕನೆಯದು ಬಂತು.

ಚಕ್ಕೆ, ಮೆಂತ್ಯ, ಏಲಕ್ಕಿ, ಜೀರಿಗೆ. ಮೆಣಸಿನ ಪುಡಿ ಕಣ್ಣಲ್ಲಿ ನೀರು ತರಿಸಿತು, ಬಟ್ಟೆ ಅದನ್ನು ಹೀರಿಕೊಂಡಿತು. ಒಣಶುಂಠಿಗೆ ಸೀನಿಯೇಬಿಟ್ಟಳು. ಮಾವ ಪ್ರತಿ ಸಲವೂ ಸರಿ ಅಂದರು. ಒಂಬತ್ತು. ದೊಡ್ಡ ಸೊಸೆಯ ಬೆನ್ನು ಬೆವರಿನಿಂದ ಕುರ್ಚಿಗೆ ಅಂಟಿತ್ತು, ಆದರೂ ಒಳಗೊಳಗೇ ನಗು ಬರುತ್ತಿತ್ತು. ಇನ್ನೊಂದು. ಒಂದೇ ಒಂದು. ಆಮೇಲೆ ಇವಳ ಕೈಯಲ್ಲೇ ಹನ್ನೆರಡೂ ಡಬ್ಬಿ ಉಜ್ಜಿಸಿ, ತಳದ ಕಪ್ಪು ಹೋಗಿಲ್ಲ ಅಂತ ಎರಡನೇ ಸಲ ಉಜ್ಜಿಸಬೇಕು.

ಹತ್ತನೆಯದು ಬಂತು. ತಣ್ಣನೆಯ ಗಾಜಿನ ಅಂಚು ಮೂಗಿನ ತುದಿಗೆ ತಾಗಿತು. ಸದ್ದಿಲ್ಲ. ಚುಚ್ಚಲಿಲ್ಲ. ಮೂಕಪುಡಿ. ಮೂರರಲ್ಲಿ ಒಂದು. ಅರಿಶಿನ ಭಾರ, ಅದನ್ನು ಹಿಡಿದ ಕೈಯಿಂದ ಇಷ್ಟು ಹಗುರವಾಗಿ ಬರಲಾರದು ಅಂತ ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಉಳಿದದ್ದು ಎರಡು.

"ಕೊತ್ತಂಬರಿ ಪುಡಿ" ಎಂದಳು.

ಗೋಡೆ ಗಡಿಯಾರ ಒಂದೆರಡು ಸಲ ಟಿಕ್ ಅಂದಿತು.

"ಸರಿ" ಎಂದ ಗಂಡ.

"ಸರಿ, ಸರಿ" ಎಂದರು ಮಾವ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಮೂಲೆಯಿಂದ ಮೈದುನನೂ "ಹೂಂ, ಸರೀನೇ" ಎಂದ. ಅವನು ಆ ಮನೆಯಲ್ಲಿ ಆ ವಾರ ಆಡಿದ ಮೊದಲ ಮಾತು ಅದು.

ದೊಡ್ಡ ಸೊಸೆ ಗೆದ್ದವಳ ಹಾಗೆ ಬಟ್ಟೆಯನ್ನು ಹಣೆಗೆ ತಳ್ಳಿದಳು. ಎದುರಿಗೆ ಚಿಕ್ಕವಳ ಕೈ. ಕೈಯಲ್ಲಿ ಬಾಟಲಿ. ಬಾಟಲಿಯ ಆಚೆ ಚಿಕ್ಕವಳ ಸೀರೆಯ ಹೂವು ಒಂದೊಂದೂ ಕಾಣುತ್ತಿತ್ತು. ಒಳಗೆ ಏನೂ ಇರಲಿಲ್ಲ. ತೊಳೆದು ಒರೆಸಿದ, ಚೀಟಿ ಕೂಡ ಅಂಟಿಸದ ಖಾಲಿ ಬಾಟಲಿ.

ಚಿಕ್ಕವಳು ನಗುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ದೊಡ್ಡವಳನ್ನೂ ಅಲ್ಲ, ಗಂಡಸರನ್ನು.

"ಏನು ಸರಿ?" ಎಂದು ಕೇಳಿದಳು. "ಮಾವ, ಏನು ಸರಿ? ಖಾಲಿ ಬಾಟ್ಲಿ ಹಿಡಿದ್ರೆ ಕೊತ್ತಂಬರಿ ಪುಡಿ ಸರಿ ಅಂತೀರಲ್ಲ, ಮೂರು ಜನಕ್ಕೂ ಕಣ್ಣು ಹೋಗಿದ್ಯಾ?"

ಮಾವ ಟೇಪಿನಲ್ಲಿ ಮೇಜಿನ ಅಂಚನ್ನು ಅಳೆಯತೊಡಗಿದರು.

"ನಿಮಗೆ ಗೊತ್ತಿತ್ತು" ಎಂದಳು ದೊಡ್ಡ ಸೊಸೆ. "ಯಾವಾಗಿಂದ?"

ಗಂಡ ಸ್ಟಿಯರಿಂಗ್ ಹಿಡಿದವನ ಹಾಗೆ ತಟ್ಟೆಯ ಎರಡೂ ಅಂಚು ಹಿಡಿದುಕೊಂಡಿದ್ದ. "ಹಾಲು ಸೀದ ದಿನದಿಂದ."

"ಎಂಟು ತಿಂಗಳು?"

"ನೀನೇ ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ. ಆಮೇಲೆ ಅಪ್ಪಂಗೂ ಇವನಿಗೂ ಹೇಳ್ದೆ, ಏನೂ ಅನ್ಬೇಡಿ ಅಂತ. ಊಟ ಹೇಗಿದ್ರೂ ಸುಮ್ನೆ ತಿನ್ನಿ, ಪಾಪ ಅಂತ..."

ಆ ಕೊನೆಯ ಮಾತೇ ತಗುಲಿದ್ದು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಇದಕ್ಕೆ ಏನು ಹೇಳುವುದು? ಎಂಟು ತಿಂಗಳಿನಿಂದ ಚಮಚ ಎಣಿಸಿ ಎಣಿಸಿ, ಬಡಿಸುವಾಗ ಅವರ ಮುಖ ನೋಡಿ ನೋಡಿ, ಇವತ್ತೂ ದಾಟಿದೆ ಅಂತ ನಿಟ್ಟುಸಿರು ಬಿಟ್ಟದ್ದೆಲ್ಲ ಈ ಮೂವರ ನಾಟಕದೊಳಗಿನ ಪಾತ್ರವಾಗಿತ್ತು. "ಚೆನ್ನಾಗಿದೆ" ಅಂದದ್ದೆಲ್ಲ ಈ ಬಾಟಲಿಯ ಹಾಗೆ.

"ಮಾವ, ಜೇಬಲ್ಲಿರೋ ಪೊಟ್ಟಣ ತೆಗೀರಿ" ಎಂದಳು ಚಿಕ್ಕವಳು ಇದ್ದಕ್ಕಿದ್ದ ಹಾಗೆ. "ತೆಗೀರಿ. ನಾನು ನೋಡಿದೀನಿ. ಮಾತ್ರೆ ಅಂದ್ಕೊಂಡಿದ್ದೆ."

ಮಾವ ತೆಗೆಯಲಿಲ್ಲ. ಆದರೆ ಕೈ ತಾನಾಗಿ ಅಂಗಿಯ ಜೇಬನ್ನು ಮುಚ್ಚಿಕೊಂಡಿತು. ಬೆರಳ ಸಂದಿಯಿಂದ ಜೇಬಿನ ಕೆಂಪು ಕಲೆ ಇಣುಕಿತು; ಪೊಟ್ಟಣದಲ್ಲಿ ಇದ್ದದ್ದು ಊಟಕ್ಕೆ ಗುಟ್ಟಾಗಿ ಉದುರಿಸಿಕೊಳ್ಳುವ ಮೆಣಸಿನ ಪುಡಿ ಅನ್ನುವುದು ಮೇಜಿನ ಸುತ್ತ ಇದ್ದವರಿಗೆಲ್ಲ ತಿಳಿಯಿತು.

ಚಿಕ್ಕವಳು ತನ್ನ ಗಂಡನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತು. ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಬಾಯಿಗೆ ಬೀಗ ಇಲ್ಲವಲ್ಲ" ಎಂದ ಗಡಿಯಾರದವನು.

"ಬೀಗ ಹಾಕ್ಕೊಂಡು ನೀವು ಮೂರು ಜನ ಏನು ಉದ್ಧಾರ ಮಾಡಿದ್ರಿ?"

ದೊಡ್ಡ ಸೊಸೆ ಎದ್ದು ಅಡುಗೆಮನೆಗೆ ನಡೆದಳು. ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆ ಹೆಜ್ಜೆಯ ಸದ್ದು. ತಿರುಗಿ ನೋಡಬೇಕಾಗಿರಲಿಲ್ಲ, ಮನೆಯಲ್ಲಿ ಅಷ್ಟು ಜೋರಾಗಿ ಹಿಮ್ಮಡಿ ಊರುವವಳು ಒಬ್ಬಳೇ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೂರನೇ ಬಾಟ್ಲಿಗೆ. ಮೂಸೋರು ಉಸಿರು ಎಳೀತಾರೆ. ನೀವು ಉಸಿರು ಹಿಡಿದಿದ್ರಿ, ಕೇಳಿಸ್ಕೊಳ್ಳೋಕೆ. ಅದೂ ಲವಂಗ ಯಾವ ಅಂಗಡೀದು ಅಂದ್ರಲ್ಲ, ಅದು ನಮ್ಮ ಉಗ್ರಾಣದ ಎದುರಿನ ಅಂಗಡೀದು. ಹೋದ ವಾರ ನಾನೇ ತಂದು ಹಾಕಿದ್ದು."

"ಆದ್ರೂ ಒಂಬತ್ತು ಸರಿ ಹೇಳ್ದೆ."

"ಹೇಳಿದ್ರಿ. ಕಳ್ಳರೂ ಕೆಲಸ ಕಲಿತಿರ್ತಾರೆ."

"ಆಯ್ತು, ಗೆದ್ದೆ." ದೊಡ್ಡವಳು ಕೊಕ್ಕೆಯಿಂದ ಸೌಟು ತೆಗೆದು ಅವಳ ಕಡೆ ಚಾಚಿದಳು. "ತಗೋ. ಇದಕ್ಕೇ ತಾನೇ ಇಷ್ಟೆಲ್ಲ?"

ಚಿಕ್ಕವಳು ಸೌಟನ್ನು ಸತ್ತ ಇಲಿ ನೋಡುವ ಹಾಗೆ ನೋಡಿದಳು. "ನಂಗ್ಯಾಕೆ ಅದು? ದಿನವಿಡೀ ಉಗ್ರಾಣದಲ್ಲಿ ನಿಂತು ಬಂದು ಇಲ್ಲಿ ಐದು ಜನಕ್ಕೆ ಬೇಯಿಸ್ಲಾ? ನನ್ನ ಅನ್ನ ನೀವೇ ನೋಡಿದೀರಲ್ಲ. ಒಲೆ ಯಾರಿಗೆ ಬೇಕು? ನಂಗೆ ಬೇಕಿದ್ದು ಆ ಹಲಗೆ ಅಲ್ಲಿಂದ ಇಳೀಬೇಕು ಅಂತ. ನಿಮ್ಮ ಮೂಗು ಸತ್ತು ಎಂಟು ತಿಂಗಳು, ನಿಮ್ಮ ಸಾಮಾನು ಸತ್ತೂ ಅಷ್ಟೇ ದಿನ. ಪಾಪ ಅಂದ್ಕೊಂಡು ಅದನ್ನ ತಿಂದ್ಕೊಂಡಿರೋಕೆ ನನ್ನ ಕೈಲಾಗಲ್ಲ. ಉಪ್ಪಿಲ್ಲ ಅಂದ್ರೆ ಉಪ್ಪಿಲ್ಲ ಅಂತೀನಿ, ವಾಸನೆ ಇಲ್ಲ ಅಂದ್ರೆ ಇಲ್ಲ ಅಂತೀನಿ."

"ಅದು ನಾಲ್ಕು ತಿಂಗಳಿಂದ ಕೇಳ್ತಿದೀನಿ."

"ಕೇಳಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ."

ಸೌಟು ಇಬ್ಬರ ನಡುವೆ ಚಾಚಿದ ಹಾಗೇ ಇತ್ತು. ದೊಡ್ಡವಳು ಅದನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡಳು. ಇವಳ ಮೇಲೆ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ, ಆದರೆ ಎಂಟು ತಿಂಗಳಿನಲ್ಲಿ ತನ್ನ ಅಡುಗೆಯನ್ನು ಅಡುಗೆ ಅಂತ ತಿಂದು ಬೈದವಳು ಇವಳೊಬ್ಬಳೇ ಅನ್ನುವುದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಆ ಖಾಲಿ ಬಾಟ್ಲಿ ತಂದುಕೊಡು" ಎಂದಳು.

"ಯಾಕೆ?"

"ಕೊಡು ಅಂದ್ರೆ ಕೊಡು."

ಅವತ್ತು ಊಟ ಒಂದು ಗಂಟೆ ತಡವಾಯಿತು. ದೊಡ್ಡ ಸೊಸೆ ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಬರೀ ನೀರಿನಲ್ಲಿ ಬೇಯಿಸಿದಳು. ಉಪ್ಪು ಹಾಕಲಿಲ್ಲ, ಎಣ್ಣೆ ಹಾಕಲಿಲ್ಲ. ಮೂವರು ಗಂಡಸರಿಗೂ ಬಡಿಸಿ, ಖಾಲಿ ಬಾಟಲಿಯನ್ನು ಎತ್ತಿ ಒಬ್ಬೊಬ್ಬರ ತಟ್ಟೆಯ ಮೇಲೂ ಬಗ್ಗಿಸಿ ಎರಡೆರಡು ಸಲ ತಟ್ಟಿದಳು.

"ಕೊತ್ತಂಬರಿ ಪುಡಿ. ಸಾಕಾ ಮಾವ, ಇನ್ನೂ ಸ್ವಲ್ಪ ಹಾಕ್ಲಾ?"

ಮಾವ ತಟ್ಟೆಗೆ ಕೈ ಅಡ್ಡ ಹಿಡಿದರು. ಗಂಡ ಒಂದು ತುತ್ತು ಬಾಯಿಗಿಟ್ಟು ಅಗಿದ. ಅವಳು ಅವನ ಎದುರಿಗೆ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಹೇಗಿದೆ?"

ಅವನು ಅಪ್ಪನ ಕಡೆ ನೋಡಿದ. ಅಪ್ಪ ತಟ್ಟೆಯ ಕಡೆ ನೋಡಿದರು. ತಮ್ಮ ಎಲ್ಲೂ ನೋಡಲಿಲ್ಲ.

"ಹೇಗಿದೆ ಅಂದೆ."

"ಚೆನ್ನಾಗಿಲ್ಲ" ಎಂದ ಗಂಡ.

"ಇನ್ನೊಂದ್ಸಲ ಹೇಳಿ."

"ಚೆನ್ನಾಗಿಲ್ಲ ಕಣೇ." ನುಂಗಿ, ನೀರು ಕುಡಿದು, ಮೊದಲ ಸಲ ಅವಳ ಮುಖ ನೋಡಿ ಹೇಳಿದ. "ಎಂಟು ತಿಂಗಳಿಂದ ಚೆನ್ನಾಗಿಲ್ಲ."

ನೋವಾಯಿತು. ಆದರೂ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡಳು, ಅಡುಗೆಮನೆಗೆ ಒಯ್ದು ಎಲ್ಲವನ್ನೂ ಪಾತ್ರೆಗೆ ಸುರಿದು, ಈರುಳ್ಳಿ ತೆಗೆದು, ಹೊಸದಾಗಿ ಹೆಚ್ಚತೊಡಗಿದಳು. "ಊಟ ಆದ ಮೇಲೆ ಆ ಹಲಗೆ ಬಿಚ್ಚಿ" ಎಂದಳು ಬೆನ್ನು ತಿರುಗಿಸಿಯೇ. "ಎದುರುಗೋಡೆಗೆ ಹಾಕಿ. ನನ್ನ ಭುಜದೆತ್ತರಕ್ಕೆ. ಉಗ್ರಾಣದಮ್ಮ ಹೇಳೋ ಎತ್ತರಕ್ಕಲ್ಲ."

ಹಲಗೆ ಎದುರುಗೋಡೆಗೆ ಹೋಯಿತು. ಬಾಟಲಿಗಳ ಸಾಲು ದೊಡ್ಡವಳ ಹಳೆಯ ಕ್ರಮದಲ್ಲೇ ಕೂತಿತು, ಚಿಕ್ಕವಳ ಚೀಟಿಗಳು ಹಾಗೇ ಉಳಿದವು. ತಳದ ಬೂದಿಯನ್ನೆಲ್ಲ ಎಸೆದದ್ದಾಯಿತು. ಹಳೆಯದು ಪೂರ್ತಿ ಮುಗಿದು, ಬಾಟಲಿ ತೊಳೆದು ಒಣಗಿಸದೆ ಹೊಸದು ಸುರಿಯುವ ಹಾಗಿಲ್ಲ ಅನ್ನುವುದು ಕಾನೂನು. ಆ ಕಾನೂನು ಯಾರು ಮಾಡಿದ್ದು ಅನ್ನುವುದರ ಮೇಲೆ ಇನ್ನೂ ಜಗಳವಿದೆ. ಈಗ ಪ್ರತಿ ಸಂಜೆ, ಚಿಕ್ಕವಳು ಕೈಚೀಲ ಕೆಳಗಿಡುವ ಮುಂಚೆಯೇ ಒಲೆಯ ಮುಂದಿನಿಂದ ಕೂಗು ಬರುತ್ತದೆ. ನಿನ್ನೆಯೂ ಬಂತು.

"ಎಲ್ಲಿ ಸತ್ತೆ? ಬಾ, ಮೂಸು."

"ಚಪ್ಪಲಿನಾದ್ರೂ ಬಿಡೋಕೆ ಬಿಡಿ." ಬಂದು, ಪಾತ್ರೆಯ ಮೇಲೆ ಬಗ್ಗಿ, ಉದ್ದಕ್ಕೆ ಉಸಿರೆಳೆದುಕೊಂಡಳು. "ಜೀರಿಗೆ ಪುಡಿ ಸಾಲದು. ಇನ್ನೊಂದು ಚಿಟಿಕೆ."

"ಅರ್ಧ."

"ಒಂದು ಅಂದೆ. ಮೂಗು ನಂದು."

"ಕೈ ನಂದು. ಅರ್ಧ."

"ಹಾಗಾದ್ರೆ ನನ್ನನ್ನ ಯಾಕೆ ಕರೆದ್ರಿ, ಮೆರವಣಿಗೆ ಮಾಡೋಕಾ?"

ಹೊರಕೋಣೆಯಲ್ಲಿ ಊಟಕ್ಕೆ ಕೂತಿದ್ದ ಮಾವ ಜೇಬಿನಿಂದ ಪೊಟ್ಟಣ ಹೊರಗೆ ತೆಗೆದರು. ಒಳಗಿನ ದನಿಗಳನ್ನು ಸ್ವಲ್ಪ ಹೊತ್ತು ಕೇಳಿದರು. ಪೊಟ್ಟಣವನ್ನು ತಟ್ಟೆಯ ಪಕ್ಕ ಇಡಲೋ ಬೇಡವೋ ಅಂತ ಯೋಚಿಸಿ, ಎರಡು ಸಲ ಮಡಿಚಿ, ಮತ್ತೆ ಜೇಬಿಗೇ ಹಾಕಿಕೊಂಡರು.